ಅರ್ಜಿದಾರರು ಯಾರು?

ತೊಂಬತ್ತರ ದಶಕದ ಕಲ್ಯಾಣದಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಒಟ್ಟುಗೂಡಿಸಿ, ಸ್ಟೇಪಲ್ ಹೊಡೆದು ‘ಸೆಟ್’ ಎಂದು ಮಾರುತ್ತಿದ್ದರು. ಬಿ.ಕಾಂ. ಸೆಟ್ಟು, ಬಿ.ಎಸ್ಸಿ. ಸೆಟ್ಟು. ನೆತ್ತಿಯ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯ ಹೆಸರಿರುತ್ತಿದ್ದುದರಿಂದ ಅದು ವಿಶ್ವವಿದ್ಯಾಲಯದ ಸ್ವತ್ತು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂಶಯಪಡುವ ಪುರುಸೊತ್ತೂ ಇರಲಿಲ್ಲ. ಅಲ್ಲಿನ ಕಾಲೇಜೊಂದರ ಗ್ರಂಥಾಲಯಕ್ಕೆ ಆಗಷ್ಟೇ ಸೇರಿದ್ದ, ಕುಮಟಾ ಕಡೆಯ ಕನ್ನಡತಿಯೊಬ್ಬರಿಗೆ ಮಾತ್ರ ಅದು ತೊಡಕಾಯಿತು. ಆ ಸೆಟ್ಟುಗಳನ್ನು ಬೈಂಡ್ ಮಾಡಿಸಿ ಕಪಾಟಿನಲ್ಲಿಡಬೇಕು, ಸೂಚಿಕಾರ್ಡು ಬರೆಯಬೇಕು. ಕರ್ತೃವಿನ ಜಾಗದಲ್ಲಿ ಯಾರ ಹೆಸರು?

ಇದರ ಉತ್ತರ ಲಂಡನ್ನಿನಲ್ಲಿ 1916ರಲ್ಲೇ ಸಿಕ್ಕಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪ್ರಶ್ನೆಪತ್ರಿಕೆಗಳನ್ನು ಬೇರೊಂದು ಪ್ರಕಾಶನ ಅಚ್ಚುಹಾಕಿ ಮಾರಿದಾಗ ಮೊಕದ್ದಮೆಯಾಯಿತು. ಪ್ರಶ್ನೆ ತೆಗೆದ ಪರೀಕ್ಷಕರು ವಿಶ್ವವಿದ್ಯಾಲಯದ ನೌಕರರಲ್ಲ, ಹೊರಗಿನಿಂದ ಒಂದು ಕೆಲಸ ಮಾಡಿಕೊಟ್ಟವರು. ಆದ್ದರಿಂದ ಸ್ವಾಮ್ಯ ಮೊದಲು ಹುಟ್ಟುವುದು ಅವರ ಹೆಸರಿನಲ್ಲೇ, ವಿಶ್ವವಿದ್ಯಾಲಯಕ್ಕೆ ಅದು ಬರುವುದು ಕರಾರಿನ ಮೂಲಕ ಎಂದು ನ್ಯಾಯಾಲಯ ಹೇಳಿತು. ಅರವತ್ತರ ದಶಕದಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯ ಪತ್ರಿಕೆಗಳು ಬಂದಾಗಲೂ ತರ್ಕ ಹೆಚ್ಚುಕಡಿಮೆ ಇದೇ ಹಾದಿ ಹಿಡಿಯಿತು. ಕಾಸ್ಟಿಂಗ್ ವಿಷಯದ ಪ್ರಶ್ನೆಪತ್ರಿಕೆ ಕಾನೂನಿನ ಕಣ್ಣಿನಲ್ಲಿ ಸಾಹಿತ್ಯ ಕೃತಿ ಎಂದು ತಿಳಿದಾಗ ನಮ್ಮ ಗ್ರಂಥಪಾಲಕಿಗೆ ನಗು ಬಂದಿತ್ತಂತೆ. ಕಾರ್ಡಿನಲ್ಲಿ ಅವರು ವಿಶ್ವವಿದ್ಯಾಲಯದ ಹೆಸರನ್ನೇ ಬರೆದರು. ಪ್ರಶ್ನೆ ತೆಗೆದವರ ಹೆಸರು ಗುಟ್ಟು, ಇನ್ನೇನು ಬರೆದಾರು?

ಅವರ ಮನೆ ಡೊಂಬಿವಲಿಯಲ್ಲಿ. ಪುಸ್ತಕದ ಮಟ್ಟಿಗೆ ಆ ಸೀಮೆ ಬಡವಾಗಿರಲಿಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಷ್ಟು ಹಳೆಯದು, ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಕನ್ನಡದವರೂ ಸುಮ್ಮನಿರಲಿಲ್ಲ, ಡೊಂಬಿವಲಿ ಕರ್ನಾಟಕ ಸಂಘ ಶಾಲೆ ಕಟ್ಟಿತು, ಕಾಲೇಜಿನವರೆಗೂ ಬೆಳೆಸಿತು. 2004ರ ಕೊನೆಗೆ ಥಾಣೆಯಿಂದ ನವಿ ಮುಂಬಯಿಯತ್ತ ಟ್ರಾನ್ಸ್‌ಹಾರ್ಬರ್ ಲೋಕಲ್ ಶುರುವಾದದ್ದು ಈ ಭಾಗದ ಎಷ್ಟೋ ನೌಕರಿಗಳ ದಿಕ್ಕನ್ನೇ ಬದಲಿಸಿತು. ಅದಕ್ಕೂ ಮುಂಚೆ ಡೊಂಬಿವಲಿಯಿಂದ ವಾಶಿಗೆ ಹೋಗುವುದೆಂದರೆ ರೈಲಿನಲ್ಲಿ ಕುರ್ಲಾ ಸುತ್ತುವುದು, ಇಲ್ಲವೇ ಬಸ್ಸಿನಲ್ಲಿ ಜೋತುಬೀಳುವುದು. ಗ್ರಂಥಪಾಲಕಿ ನವಿ ಮುಂಬಯಿಯ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಆ ಹೊಸ ರೈಲಿನ ಧೈರ್ಯದ ಮೇಲೆಯೇ.

ಮೊದಲ ಕೆಲವು ವರ್ಷ ಕಾಪಿರೈಟ್ ಎಂಬ ಮಾತು ಅವರ ಮೇಜಿಗೆ ಬಂದದ್ದು ಒಂದೇ ರೂಪದಲ್ಲಿ: ಇಡೀ ಪುಸ್ತಕ ಝೆರಾಕ್ಸ್ ಮಾಡಿಸಬಹುದೇ, ಮೇಡಂ? 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಪದ್ಧತಿ ತಂದ ಮೇಲೆ ಗಾಳಿ ಬದಲಾಯಿತು. ಬರೆದದ್ದು, ಮಾಡಿದ್ದು, ಮಾತಾಡಿದ್ದು ಎಲ್ಲಕ್ಕೂ ಪುರಾವೆಯ ಕಾಗದ ಬೇಕಾಯಿತು. 2012ರಲ್ಲಿ ಬಾಂಬೆ ಹೈಕೋರ್ಟಿನ ಒಂದು ತೀರ್ಪು, ನೋಂದಣಿ ಇಲ್ಲದೆ ಕಾಪಿರೈಟ್ ದಾವೆ ನಿಲ್ಲದು ಎಂಬರ್ಥದ ಮಾತಾಡಿತು. ಸಾಫ್ಟ್‌ವೇರ್ ಕಂಪನಿಗಳ ನಡುವಿನ ಜಗಳ ಅದು; ಬಿಸಿ ಮಾತ್ರ ಕಾಲೇಜುಗಳವರೆಗೂ ತಾಗಿತು. 2016ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಬೌದ್ಧಿಕ ಆಸ್ತಿ ನೀತಿಯನ್ನು ಒಪ್ಪಿತು. ಅದರ ಬೆನ್ನಿಗೇ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ‘ಐಪಿಆರ್ ಸೆಲ್’ಗಳು ತಲೆಯೆತ್ತಿದವು. ಇಲ್ಲಿಯ ಸೆಲ್ಲಿಗೆ ಕೊಠಡಿ ಸಿಗದ್ದರಿಂದ ಗ್ರಂಥಾಲಯದ ಒಂದು ಮೂಲೆ, ಮತ್ತು ಆ ಮೂಲೆಯ ಜತೆಗೆ ಗ್ರಂಥಪಾಲಕಿ.

ಪೇಟೆಂಟ್ ಎಂದರೆ ಪರೀಕ್ಷೆ, ತಕರಾರು, ವರ್ಷಗಟ್ಟಲೆ ಕಾಯುವಿಕೆ. ಕಾಪಿರೈಟ್ ಹಾಗಲ್ಲ. 2013ರ ನಿಯಮಗಳ ಪ್ರಕಾರ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಹದಿನಾಲ್ಕನೆಯ ನಮೂನೆ ತುಂಬಿ ಆನ್‌ಲೈನಿನಲ್ಲಿ ಹಾಕಿದರೆ ಡೈರಿ ನಂಬರ್ ಬರುತ್ತದೆ. ಮೂವತ್ತು ದಿನ ಯಾರಾದರೂ ಆಕ್ಷೇಪ ಎತ್ತುತ್ತಾರೋ ಎಂದು ಕಾಯುತ್ತಾರೆ. ಆಮೇಲೆ ಪರಿಶೀಲಕರ ಕಣ್ಣು, ಏನಾದರೂ ಕೊರತೆ ಕಂಡರೆ ಒಂದು ಪತ್ರ, ಕೊನೆಗೆ ದೆಹಲಿಯ ದ್ವಾರಕೆಯಲ್ಲಿರುವ ಕಚೇರಿಯಿಂದ ಪ್ರಮಾಣಪತ್ರ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷದಲ್ಲಿ ಇಷ್ಟು ಅಗ್ಗದ, ಇಷ್ಟು ಮಿರುಗುವ ಕಾಗದ ಬೇರೆಲ್ಲಿ ಸಿಕ್ಕೀತು! ಪವರ್‌ಪಾಯಿಂಟ್ ಸ್ಲೈಡುಗಳು ಬಂದವು. ಪ್ರಯೋಗಾಲಯದ ಕೈಪಿಡಿಗಳು ಬಂದವು. ಒಬ್ಬ ಪ್ರಾಧ್ಯಾಪಕರು ಬರೀ ಪಿಎಚ್.ಡಿ. ಶೀರ್ಷಿಕೆಯನ್ನು ನೋಂದಾಯಿಸಬೇಕೆಂದು ಹಟ ಹಿಡಿದರು. ಶೀರ್ಷಿಕೆಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ‘ದೇಸಿ ಬಾಯ್ಸ್’ ಸಿನಿಮಾದ ಪ್ರಕರಣದಲ್ಲಿ ಹೇಳಿದ್ದನ್ನು ತೋರಿಸಿದ ಮೇಲೂ ಅವರ ಮುಖದ ಗಂಟು ಸಡಿಲಲಿಲ್ಲ.

ಆ ನಮೂನೆಯಲ್ಲಿ ಎಲ್ಲರೂ ಅವಸರದಲ್ಲಿ ದಾಟಿಹೋಗುವ ಒಂದು ಕಲಂ ಇದೆ: ಈ ಕೃತಿಯ ಸ್ವಾಮ್ಯದಲ್ಲಿ ಅರ್ಜಿದಾರರ ಹಿತಾಸಕ್ತಿ ಎಂಥದು? ಬರೆದವರೇ ಅರ್ಜಿ ಹಾಕಿದರೆ ‘ಕರ್ತೃ’ ಎಂದು ಬರೆದು ಮುಗಿಸಬಹುದು. ಆದರೆ ಅರ್ಜಿದಾರರ ಜಾಗದಲ್ಲಿ ಹೆಚ್ಚಾಗಿ ಇರುತ್ತಿದ್ದುದು ವಿಶ್ವವಿದ್ಯಾಲಯದ ಹೆಸರು. ಹಾಗಾದರೆ ವಿಶ್ವವಿದ್ಯಾಲಯ ಇಲ್ಲಿ ಯಾರು? ಧಣಿಯೇ, ಕೊಂಡವರೇ, ಬರೀ ಜಾಗ ಕೊಟ್ಟವರೇ? ಗ್ರಂಥಪಾಲಕಿಯ ನೆನಪಿನಲ್ಲಿ ಉಳಿದಿರುವ ಜಗಳಗಳೆಲ್ಲ ಈ ಕಲಮಿನವೇ.

ಕಾಪಿರೈಟ್ ಕಾಯ್ದೆಯ 17ನೆಯ ಸೆಕ್ಷನ್ ಇದನ್ನು ಬಿಡಿಸುತ್ತದೆ, ಆದರೆ ಕಾಲೇಜಿನವರು ಊಹಿಸುವ ರೀತಿಯಲ್ಲಿ ಅಲ್ಲ. ಬರೆದವರೇ ಮೊದಲ ಒಡೆಯರು. ನೌಕರಿಯ ಕರಾರಿನಡಿ, ಆ ನೌಕರಿಯ ಕೆಲಸವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಡೆತನ ಕೆಲಸಕ್ಕಿಟ್ಟವರದು. ಸಂಬಳದ ಅಧ್ಯಾಪಕರಿಗೆ ಈ ಮಾತು ಒಂದು ಮಟ್ಟಕ್ಕೆ ತಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಬಂದು ಪಾಠ ಹೇಳಿ ಹೋಗುವ ಅತಿಥಿ ಉಪನ್ಯಾಸಕರ ವಿಷಯದಲ್ಲಿ ಅದು ಅನುಮಾನ. ವಿದ್ಯಾರ್ಥಿಯಂತೂ ನೌಕರನೇ ಅಲ್ಲ. ಅವನು ಫೀಸು ಕೊಟ್ಟು ಬಂದವನು. ಅವನ ಪ್ರಾಜೆಕ್ಟಿನ ಪ್ರೋಗ್ರಾಮು ಅವನದೇ, ಕಾಲೇಜಿನ ಕಂಪ್ಯೂಟರಿನಲ್ಲಿ ಬರೆದಿದ್ದರೂ. ಇನ್ನು, ಸಾರ್ವಜನಿಕವಾಗಿ ಮಾಡಿದ ಭಾಷಣ ಭಾಷಣಕಾರರದೇ, ಅವರನ್ನು ಯಾರು ಸಂಬಳ ಕೊಟ್ಟು ಇಟ್ಟುಕೊಂಡಿದ್ದರೂ ಸರಿ ಎಂದು 1983ರ ತಿದ್ದುಪಡಿ ಸೇರಿಸಿದೆ. ಮುಂಬಯಿಯ ಕನ್ನಡ ವಲಯದಲ್ಲಿ ದತ್ತಿ ಉಪನ್ಯಾಸಗಳಿಗೆ, ಆಮೇಲೆ ಅವೇ ಪುಸ್ತಕವಾಗುವುದಕ್ಕೆ ಬರವಿಲ್ಲ. ಟೇಪಿನಿಂದ ಇಳಿಸಿ ಅಚ್ಚುಹಾಕುವ ಮುನ್ನ ಮಾತಾಡಿದವರ ಒಂದು ಸಹಿ ಬೇಕು ಎಂದು ಗ್ರಂಥಪಾಲಕಿ ಹೇಳಿದಾಗ, ಸಂಘದ ಹಿರಿಯರೊಬ್ಬರು ನಮ್ಮವರ ಹತ್ತಿರ ಎಂಥ ಸಹಿ ಎಂದು ಬೇಸರಪಟ್ಟರಂತೆ.

ವಿಶ್ವವಿದ್ಯಾಲಯದ ಕಚೇರಿ ಕಂಡುಕೊಂಡಿದ್ದ ಉಪಾಯ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲವೆಂಬ ಪತ್ರ. ಬರೆದವರು ಬೇರೆ, ಅರ್ಜಿದಾರರು ಬೇರೆಯಾದಾಗ ನೋಂದಣಿಗೆ ಅದು ಬೇಕೇ ಬೇಕು. ಕೊನೆಯ ಸೆಮಿಸ್ಟರಿನಲ್ಲಿ ಹಾಲ್ ಟಿಕೆಟಿನ ಜತೆಗೆ ಒಂದು ಹಾಳೆ ಮುಂದಿಟ್ಟು ಹುಡುಗ ಹುಡುಗಿಯರಿಂದ ಸಹಿ ಹಾಕಿಸಿಕೊಳ್ಳುವುದು ರೂಢಿಯಾಯಿತು. ನೋಂದಣಿಗೆ ಅಭ್ಯಂತರವಿಲ್ಲ ಎನ್ನುವುದೂ ಹಕ್ಕನ್ನು ಬರೆದುಕೊಡುವುದೂ ಅಳಿಯ ಅಲ್ಲ ಮಗಳ ಗಂಡ ಎಂಬಷ್ಟೇ ಫರಕಿನದು ಎಂದು ಕಚೇರಿಯ ನಂಬಿಕೆ. ಹಾಗಲ್ಲವೆಂದು ಗೊತ್ತಾದದ್ದು ಒಬ್ಬ ಐರೋಲಿಯ ಹುಡುಗನಿಂದ. ಅವನ ತಂಡದ ಹಾಜರಾತಿ ಸಾಫ್ಟ್‌ವೇರನ್ನು ವಿಶ್ವವಿದ್ಯಾಲಯ ಇನ್ನೊಂದು ಕಾಲೇಜಿಗೆ ಕೊಡಹೊರಟಿತ್ತು. ಹುಡುಗ ಕೆಲಸಕ್ಕೆ ಸೇರಿ ನಾಲ್ಕು ಕಾಸು ಕಂಡಿದ್ದ, ವಕೀಲರನ್ನು ಕೇಳಿದ್ದ. ನಾನು ಕೊಟ್ಟದ್ದು ಅಭ್ಯಂತರವಿಲ್ಲ ಎಂಬ ಮಾತು. ಹಕ್ಕು ಕೊಟ್ಟ ಪತ್ರ ತೋರಿಸಿ ಎಂದ.

ಪತ್ರ ಇರಲಿಲ್ಲ. ಇದ್ದಿದ್ದರೂ ಕತೆ ಪೂರ್ತಿ ಮುಗಿಯುತ್ತಿರಲಿಲ್ಲ. 19ನೆಯ ಸೆಕ್ಷನ್ ಓದುತ್ತ ಹೋದ ಹಾಗೆ ಗ್ರಂಥಪಾಲಕಿಗೆ ಒಂದೊಂದೇ ಬಾಗಿಲು ತೆರೆಯಿತು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷ ಬಳಸದೆ ಇಟ್ಟುಕೊಂಡರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದೂ ಬಿದ್ದುಹೋಗುತ್ತದೆ. ಬರೆಯುವವರ ಪರವಾಗಿ ಇಷ್ಟು ಯೋಚಿಸಿದ ಕಾನೂನು ಇರುವುದು, ಬರೆಯುವವರಿಗೇ ಗೊತ್ತಿಲ್ಲದಿರುವುದು ಸೋಜಿಗ. ಕನ್ನಡದ ಎಷ್ಟು ಲೇಖಕರು ಪ್ರಕಾಶಕರ ಜತೆ ಬಾಯಿಮಾತಿನಲ್ಲೇ ಬದುಕು ಕಳೆದಿಲ್ಲ!

ಪ್ರಮಾಣಪತ್ರವೇ ಒಡೆತನ ಎಂಬ ಭ್ರಮೆಯನ್ನು ಮುರಿಯಲು ಅವರು ಆಮೇಲೆ ಥಾಣೆ ಜಿಲ್ಲೆಯವರಿಗೆ ತಕ್ಷಣ ಹೊಳೆಯುವ ಒಂದು ಉದಾಹರಣೆ ಕೊಡತೊಡಗಿದರು: ಇದು ಸಾತ್‌ಬಾರಾ ಉತಾರೆಯ ಹಾಗೆ. ತಲಾಠಿಯ ದಾಖಲೆಯಲ್ಲಿ ಹೆಸರಿದ್ದರೆ ಒಂದು ಸಾಕ್ಷಿ ನಿಜ, ಆದರೆ ಹೊಲ ಯಾರದೆಂದು ತೀರ್ಮಾನಿಸುವುದು ಅದಲ್ಲ. 2021ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಜಿ. ಎಸ್. ಪಟೇಲರು ಸಂಜಯ್ ಸೋಯಾ ಪ್ರಕರಣದಲ್ಲಿ 2012ರ ಮಾತನ್ನು ಬದಿಗಿಟ್ಟು, ಕಾಪಿರೈಟ್ ದಾವೆಗೆ ನೋಂದಣಿ ಕಡ್ಡಾಯವಲ್ಲ ಎಂದರು. ಕೃತಿ ಹುಟ್ಟಿದಾಗಲೇ ಹಕ್ಕು ಹುಟ್ಟಿರುತ್ತದೆ. ಸೆಲ್ಲಿನ ಮುಂದಿನ ಸಾಲು ಇದರಿಂದ ಕರಗಲಿಲ್ಲ. ಅಲ್ಲಿ ನಿಂತವರಿಗೆ ಬೇಕಿದ್ದದ್ದು ಹಕ್ಕಲ್ಲ, ನಂಬರು.

ಸಂಸ್ಥೆ ಮತ್ತು ಸೃಷ್ಟಿಕರ್ತರ ನಡುವಿನ ಈ ತಕರಾರು ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಪ್ರಕರಣವಿದೆ. ಡೊಂಬಿವಲಿ, ಥಾಣೆಯ ಕರಾವಳಿ ಮನೆಗಳಲ್ಲಿ ಅದನ್ನು ಕಾನೂನಿಗಿಂತ ಹೆಚ್ಚಾಗಿ ಯಕ್ಷಗಾನದ ಸುದ್ದಿಯಾಗಿ ಚರ್ಚಿಸಿದ್ದರು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿ ಕಡೆ ಬಂದು ಸಭಾಗೃಹಗಳಲ್ಲಿ ಆಟ ಆಡುವ ಪದ್ಧತಿ ಹಳೆಯದು. ಪ್ರಸಂಗ ಯಾರದು, ನಡೆ ಯಾರದು, ತಿದ್ದಿದ್ದು ಯಾರು ಎಂಬ ವಾದ ಚೌಕಿಯಿಂದ ಚಹಾದಂಗಡಿಯವರೆಗೂ ಹರಡಿಕೊಂಡೇ ಇರುತ್ತದೆ. ಶಿವರಾಮ ಕಾರಂತರು ಸಂಪ್ರದಾಯದ ಯಕ್ಷಗಾನವನ್ನು ಕತ್ತರಿಸಿ, ಮಾತು ಇಳಿಸಿ, ರಾಗ, ಕುಣಿತ, ವೇಷಗಳನ್ನು ಮತ್ತೆ ಜೋಡಿಸಿ ಬ್ಯಾಲೆಯ ರೂಪ ಕೊಟ್ಟರು. ಈ ಕೆಲಸ ನಡೆದದ್ದು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನ ಆಸರೆಯಲ್ಲಿ. ಕಾರಂತರು ಅದರ ನಿರ್ದೇಶಕರಾಗಿದ್ದರು.

1994ರಲ್ಲಿ ಅವರು ಮಾಡಿಟ್ಟ ಉಯಿಲು ಸ್ವಾಮ್ಯವನ್ನು ಅವರ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೆ ಕೊಟ್ಟಿತ್ತು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2001ರಲ್ಲಿ ಅಕಾಡೆಮಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ ಮಾಲಿನಿ ಮಲ್ಯರು ಉಡುಪಿಯ ನ್ಯಾಯಾಲಯಕ್ಕೆ ಹೋದರು. ಸಂಸ್ಥೆಯ ವಾದ ಯಾವ ಕಾಲೇಜಿನ ಆಡಳಿತಾಧಿಕಾರಿಯೂ ಹೇಳಬಹುದಾದದ್ದೇ: ಖರ್ಚು ನಮ್ಮದು, ಕೇಂದ್ರ ನಮ್ಮದು, ಅವರನ್ನು ನಿರ್ದೇಶಕರಾಗಿ ನೇಮಿಸಿದ್ದು ನಾವು, ಆದ್ದರಿಂದ ಕೃತಿಯೂ ನಮ್ಮದು. ಯಕ್ಷಗಾನ ಪರಂಪರೆಯದು, ಅದಕ್ಕೆ ಒಬ್ಬ ಒಡೆಯನೆಲ್ಲಿ ಎಂಬ ಪ್ರಶ್ನೆಯೂ ಸುಳಿದಾಡಿತು. ಜಿಲ್ಲಾ ನ್ಯಾಯಾಲಯ ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. 2009ರ ಜನವರಿ 23ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಸ್. ಬಿ. ಸಿನ್ಹಾ ಮತ್ತು ಸಿರಿಯಾಕ್ ಜೋಸೆಫ್ ಅವರ ಪೀಠ ಹಕ್ಕು ಉಯಿಲಿನಂತೆ ಮಲ್ಯರದೇ ಎಂದಿತು. ಬ್ಯಾಲೆ ಎಂಬುದು ಸಾಹಿತ್ಯ ಕೃತಿಯಲ್ಲ, ನಾಟಕ ಕೃತಿ. ಉಯಿಲಿನ ಉಳಿಕೆ ಆಸ್ತಿಯ ಮಾತಿನಲ್ಲಿ ಅದೂ ಸೇರುತ್ತದೆ ಎಂಬ ವಿವೇಚನೆ ಆ ತೀರ್ಪಿನಲ್ಲಿದೆ. ಜತೆಗೆ ಒಂದು ತಿದ್ದುಪಡಿ: ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಆಡುವುದಕ್ಕೆ, ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿಗಳು ಆಡುವುದಕ್ಕೆ 52ನೆಯ ಸೆಕ್ಷನ್ ಕೊಡುವ ವಿನಾಯಿತಿ ಅಕಾಡೆಮಿಗೂ ಉಂಟು.

ನವಿ ಮುಂಬಯಿಯ ಐಪಿಆರ್ ಸೆಲ್ಲಿನ ಸಭೆಯಲ್ಲಿ ಈ ತೀರ್ಪಿನ ಸಾರವನ್ನು ಓದಿ ಹೇಳಿದಾಗ ಮೊದಲ ಪ್ರತಿಕ್ರಿಯೆ ಬಂದದ್ದು ಹಣಕಾಸು ವಿಭಾಗದಿಂದ. ಹಾಗಾದರೆ ಅನುದಾನ ಕೊಟ್ಟು ಏನು ಪ್ರಯೋಜನ? ಪ್ರಶ್ನೆ ನ್ಯಾಯವಾದದ್ದೇ. ಖರ್ಚು ಮಾಡಿದವರಿಗೆ ಏನು ಬೇಕು ಎಂಬುದನ್ನು ಖರ್ಚಿಗೆ ಮೊದಲು ಬರೆದಿಟ್ಟುಕೊಳ್ಳಬೇಕು, ಅಷ್ಟೆ. 2019ರಲ್ಲಿ ಕೇಂದ್ರದ ಕೈಗಾರಿಕಾ ಇಲಾಖೆ ಶಿಕ್ಷಣ ಸಂಸ್ಥೆಗಳಿಗೆಂದು ಹೊರತಂದ ಮಾದರಿ ಮಾರ್ಗಸೂಚಿಯ ಕರಡೂ ಪುಸ್ತಕ, ಲೇಖನ, ಪ್ರಬಂಧಗಳಂಥ ವಿದ್ವತ್ ಬರಹಗಳು ಸಾಮಾನ್ಯವಾಗಿ ಬರೆದವರಿಗೇ ಉಳಿಯಲಿ ಎಂಬ ನಿಲುವಿನದು.

ಹಾಗೆ ನೋಡಿದರೆ ವಿಶ್ವವಿದ್ಯಾಲಯಗಳು ಹಕ್ಕನ್ನು ಬಿಟ್ಟುಕೊಡದಿರಲು ಒದ್ದಾಡಿದ ಅತಿ ಪ್ರಸಿದ್ಧ ಪ್ರಸಂಗ ಶಾಂತಿನಿಕೇತನದ್ದು. ರವೀಂದ್ರರು 1941ರಲ್ಲಿ ತೀರಿಕೊಂಡರು. ಅಂದಿನ ಲೆಕ್ಕದಲ್ಲಿ ಐವತ್ತು ವರ್ಷಕ್ಕೆ, ಅಂದರೆ 1991ರ ಕೊನೆಗೆ, ವಿಶ್ವಭಾರತಿಯ ಕೈಯಿಂದ ಸ್ವಾಮ್ಯ ಜಾರಬೇಕಿತ್ತು. ಕಾಯ್ದೆಯನ್ನೇ ತಿದ್ದಿ ಐವತ್ತನ್ನು ಅರವತ್ತು ಮಾಡಿದರು. ಒಂದು ವಿಶ್ವವಿದ್ಯಾಲಯದ ಸಲುವಾಗಿ ಬಂದ ಆ ಹತ್ತು ವರ್ಷ ದೇಶದ ಎಲ್ಲ ಲೇಖಕರ ವಾರಸುದಾರರಿಗೂ ಸಿಕ್ಕಿತು. ಆ ಲೆಕ್ಕದಲ್ಲೇ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಬರಹ 2024ರ ಜನವರಿ 1ರಿಂದ ಎಲ್ಲರದಾಯಿತು. ಕಾರಂತರದು 2057ರ ಕೊನೆಯವರೆಗೆ ಮುಕ್ತವಲ್ಲ. ಬಾಂದ್ರಾದ ಸಮುದ್ರದಂಡೆಯಲ್ಲಿದ್ದುಕೊಂಡು ‘ಶಿಕಾರಿ’ ಬರೆದ, 2014ರಲ್ಲಿ ತೀರಿಕೊಂಡ ಯಶವಂತ ಚಿತ್ತಾಲರದು 2074. ಹಳೆಯ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿಕೊಡಿ ಎಂದು ಸಂಘಗಳವರು ಬಂದಾಗ ಗ್ರಂಥಪಾಲಕಿ ಮೊದಲು ತೆಗೆಯುತ್ತಿದ್ದುದು ಲೇಖಕರು ತೀರಿಕೊಂಡ ವರ್ಷವನ್ನು.

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿರುವ ಕನ್ನಡ ವಿಭಾಗಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು ಹೋಗುವ ಸಂಶೋಧಕರು ಹಿಂದಿನಿಂದಲೂ ಇದ್ದಾರೆ. ಶ್ರೀನಿವಾಸ ಹಾವನೂರರಂಥವರು ಕಟ್ಟಿದ ವಿಭಾಗ ಅದು. ಅಲ್ಲಿಗೆ ಹೋಗುವ, ಪರಿಚಯದ ಹುಡುಗಿಯೊಬ್ಬಳು ತುಳು ಪಾಡ್ದನಗಳ ಮೇಲೆ ಕೆಲಸ ಮಾಡುತ್ತ, ಕಳವಾದಲ್ಲಿದ್ದ ಒಬ್ಬ ಅಜ್ಜಿಯ ದನಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಳು. ಪಾಡ್ದನಕ್ಕೆ ಕರ್ತೃ ಯಾರೂ ಇಲ್ಲ. ಆ ಧ್ವನಿಮುದ್ರಣಕ್ಕೆ ಒಡತಿ ಹುಡುಗಿ. ಹಾಡಿದ್ದಕ್ಕೆ ಅಜ್ಜಿಗೂ ಐವತ್ತು ವರ್ಷದ ಪ್ರದರ್ಶಕರ ಹಕ್ಕಿದೆ. ಹಾಡನ್ನು ಬಿಡಿಸಿಕೊಂಡು ಬರೆದ ಪ್ರಬಂಧ ಮತ್ತೆ ಹುಡುಗಿಯದೇ, ಮಾರ್ಗದರ್ಶಕರದಲ್ಲ. ತಿದ್ದಿ ಹೇಳಿದ ಮಾತ್ರಕ್ಕೆ ಯಾರೂ ಸಹಕರ್ತೃವಾಗುವುದಿಲ್ಲ. ಇಬ್ಬರ ಬರವಣಿಗೆ ಬೇರ್ಪಡಿಸಲಾಗದಂತೆ ಬೆರೆತಿರಬೇಕು. ಮಾರ್ಗದರ್ಶಕರ ಹೆಸರನ್ನು ಕರ್ತೃವಿನ ಕಲಮಿಗೆ ಸೇರಿಸಿ ಎಂಬ ಒತ್ತಡ ಬೇರೆ ಬೇರೆ ವಿಭಾಗಗಳಿಂದ ಎಷ್ಟು ಸಲ ಬಂತೆಂದರೆ, ಗ್ರಂಥಪಾಲಕಿ ಕೊನೆಗೆ ಕೈಬರಹದ ಕರಡು ತನ್ನಿ, ನಿಮ್ಮ ಭಾಗ ಗುರುತು ಮಾಡಿ ಎನ್ನತೊಡಗಿದರು. ಒತ್ತಡ ಕಡಿಮೆಯಾಯಿತು.

ಪ್ರಬಂಧವನ್ನು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಏರಿಸುವಾಗ ಇನ್ನೊಂದು ಹೆದರಿಕೆ. 2009ರ ಯುಜಿಸಿ ನಿಯಮಗಳಿಂದ ಪಿಎಚ್.ಡಿ. ಪ್ರಬಂಧಗಳ ಮಿಂಪ್ರತಿಯನ್ನು ಅಲ್ಲಿ ಇಡುವ ಪದ್ಧತಿ ಬಂತು. ಸಹಿ ಹಾಕಿದರೆ ಪುಸ್ತಕ ಮಾಡುವ ಹಕ್ಕು ಹೋಯಿತೇ ಎಂದು ಕೇಳದ ಸಂಶೋಧಕರಿಲ್ಲ. ಹೋಗುವುದಿಲ್ಲ, ಅಲ್ಲಿ ಕೊಡುವುದು ಇಟ್ಟುಕೊಳ್ಳುವ, ತೋರಿಸುವ ಅನುಮತಿ. ಪ್ರಕಾಶಕರು ಮುಂದಿಡುವ ಕಾಗದವನ್ನು ಇದಕ್ಕಿಂತ ಹತ್ತು ಪಟ್ಟು ಎಚ್ಚರದಿಂದ ಓದಿ ಎಂಬುದು ಅವರ ಸಲಹೆ.

ಅವರು ನಿವೃತ್ತರಾಗುವ 2023ರ ಹೊತ್ತಿಗೆ ಪ್ರಾಜೆಕ್ಟುಗಳ ಕೋಡನ್ನು ಅರ್ಧಕ್ಕರ್ಧ ಯಂತ್ರವೇ ಬರೆದುಕೊಡಲು ಶುರುಮಾಡಿತ್ತು. 2020ರಲ್ಲಿ ‘ರಾಘವ್’ ಎಂಬ ಕೃತಕ ಬುದ್ಧಿಮತ್ತೆಯನ್ನು ಸಹಕರ್ತೃವೆಂದು ತೋರಿಸಿದ ಒಂದು ಚಿತ್ರಕ್ಕೆ ನೋಂದಣಿ ಸಿಕ್ಕಿ, ಮರುವರ್ಷ ಕಚೇರಿಯೇ ಅದನ್ನು ಹಿಂತೆಗೆಯುವ ನೋಟಿಸು ಕಳಿಸಿತ್ತು. ಕಾಯ್ದೆ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟುವಂತೆ ಮಾಡಿದ ವ್ಯಕ್ತಿಯನ್ನು ಕರ್ತೃವೆನ್ನುತ್ತದೆ. ಹುಡುಗರು ನಿರಾಳವಾಗಿ ತಮ್ಮ ಹೆಸರು ತುಂಬಿದರು.

ಹೊರಡುವ ಮುನ್ನ ಗ್ರಂಥಪಾಲಕಿ ಎನ್‌ಒಸಿಯ ಬದಲಿಗೆ ಒಂದು ಹಾಳೆಯ ನಮೂನೆ ಮಾಡಿಕೊಟ್ಟರು. ಪ್ರಾಜೆಕ್ಟು ಮುಗಿಯುವಾಗಲ್ಲ, ಶುರುವಾಗುವಾಗ ತುಂಬುವಂಥದು. ಬರೆಯುತ್ತಿರುವವರು ನೌಕರರೋ ವಿದ್ಯಾರ್ಥಿಗಳೋ ಅತಿಥಿಗಳೋ, ಖರ್ಚು ಯಾರದು, ವಿಶ್ವವಿದ್ಯಾಲಯಕ್ಕೆ ಯಾವ ಹಕ್ಕು ಬೇಕು, ಎಷ್ಟು ವರ್ಷಕ್ಕೆ ಮತ್ತು ಎಲ್ಲೆಲ್ಲಿಗೆ, ದುಡ್ಡು ಬಂದರೆ ಬರೆದವರಿಗೆ ಎಷ್ಟು ಪಾಲು. ಐದು ಪ್ರಶ್ನೆ, ಇಂಗ್ಲಿಷಿನ ಕೆಳಗೆ ಮರಾಠಿಯಲ್ಲೂ. ಆ ಹಾಳೆ ಈಗಲೂ ಬಳಕೆಯಲ್ಲಿದೆ ಎಂದು ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ. ಐದನೆಯ ಪ್ರಶ್ನೆಯನ್ನು ಮಾತ್ರ ಯಾರೋ ತೆಗೆದಿದ್ದಾರಂತೆ.